ಮಗಳು ನಡೆಯಲೆಂದು ಹಾಸಿದ ದಾರಿ

ಖೂಬಾ ಪ್ಲಾಟ್ ಪಾರ್ಕಿನಲ್ಲಿ ನಡೆದಾಡುವವರ ದಾರಿಗೆ ಕಟ್ಟಿಗೆ ಚೂರು ಹರವಿ ಮುಗಿಸಿದ ದಿನವೇ ಸಮೀವುಲ್ಲಾನ ತಲೆಯೊಳಗೆ ಆ ವಿಚಾರ ಹೊಕ್ಕಿತು. ಹೊಕ್ಕಿದ್ದು ಮತ್ತೆ ಹೊರಗೆ ಹೋಗಲಿಲ್ಲ.

ಮಳೆಗಾಲ ಹಿಡಿಯುವ ಹೊತ್ತಿಗೆ ಕರೆಂಟಿನ ತಂತಿಗೆ ತಾಗುತ್ತವೆಂದು ಕಲಬುರಗಿಯ ತುಂಬ ಬೇವು, ಹುಣಸೆ, ಗುಲ್‌ಮೊಹರ್ ಮರಗಳ ಟೊಂಗೆ ಕಡಿದು ರಸ್ತೆ ಬದಿಗೆ ಒಟ್ಟುತ್ತಾರೆ. ಅವನ್ನು ಚೂರು ಮಾಡುವ ಮಷೀನು ಗುತ್ತಿಗೆದಾರ ಮಜರ್ ಭಾಯಿಯದು, ಟ್ರ್ಯಾಕ್ಟರಿನ ಹಿಂದೆ ಕಟ್ಟಿ ಎಳೆದೊಯ್ಯುವಂಥದ್ದು. ಟ್ರ್ಯಾಕ್ಟರ್ ಹೊಡೆಯುವವನು ಕೋಟನೂರಿನ ಮಾಪಣ್ಣ. ಮಷೀನಿನ ಬಾಯಿಗೆ ಟೊಂಗೆ ಉಣಿಸುವವನು ಸಮೀವುಲ್ಲಾ. ದಪ್ಪ ತುದಿ ಮೊದಲು ಕೊಡಬೇಕು, ಒಳಗಿನ ಬ್ಲೇಡು ಕಚ್ಚಿಕೊಂಡ ಕೂಡಲೇ ಕೈ ಬಿಡಬೇಕು. ಅದಕ್ಕೆ ಟೊಂಗೆ ಯಾವುದು, ತೋಳು ಯಾವುದು ಎಂಬ ಭೇದವಿಲ್ಲ. ಆಚೆ ಕಡೆಯ ಕೊಳವೆಯಿಂದ ಚೂರು ಹಾರಿ ಬಂದು ರಾಶಿ ಬೀಳುತ್ತದೆ. ಹೊಸ ರಾಶಿಯೊಳಗೆ ಕೈ ಇಟ್ಟರೆ ಬೆಚ್ಚಗಿರುತ್ತದೆ.

ಅದನ್ನು ಗೇಣು ದಪ್ಪ ಹರವಿದ ದಾರಿಯ ಮೇಲೆ ಮೊದಲು ಕಾಲಿಟ್ಟವರು ವಿಜಯೀಂದ್ರರಾಯರು, ನಿವೃತ್ತ ಹೆಡ್‌ಮಾಸ್ತರರು. ಒಂದು ಸುತ್ತು ಹಾಕಿ ಬಂದು ಅವರು ಹಿಗ್ಗಿಹೋದರು.

"ಏನ್ರೀ ಸಮೀವುಲ್ಲಾ ಸಾಬ್ರ, ಗಾದಿ ಮ್ಯಾಲೆ ನಡದಂಗ ಆಗ್ತದಲ್ರೀ! ಮೊಣಕಾಲು ಮೊಣಕಾಲು ಅಂತ ಮನ್ಯಾಗ ಕುಂತ ನಮ್ಮಾಕೀನ್ನ ನಾಳೆ ಎಬ್ಬಿಸ್ಕೊಂಡು ಬರ್ತೀನಿ. ಮಳಿ ಬಿದ್ರ ಹೆಂಗ್ರಿ? ಕೆಸರಾಗ್ತದೇನು?"

"ಇಲ್ರಿ. ನೀರು ಕೆಳಗ ಇಳೀತದ. ಚಪ್ಪಲಿಗೆ ಮಣ್ಣು ಹತ್ತಂಗಿಲ್ರಿ."

ತನ್ನ ಬಾಯಿಂದಲೇ ಬಂದ ಮಾತು ಕೇಳಿ ಸಮೀವುಲ್ಲಾ ಸಲಿಕೆ ಹಿಡಿದುಕೊಂಡು ನಿಂತುಬಿಟ್ಟ. ಒಂದು ವರ್ಷದಿಂದ ಮಗಳು ಮುಸ್ಕಾನಳಿಗೆ ಅವನು ಹೇಳುತ್ತ ಬಂದ ಮೊದಲ ನೆಪವೇ ಚಪ್ಪಲಿಗೆ ಹತ್ತುವ ಮಣ್ಣು.

ಹೋದ ಮಳೆಗಾಲದಲ್ಲಿ ಮುಸ್ಕಾನಳಿಗೆ ಹೆಣ್ಣುಮಗು ಹುಟ್ಟಿತ್ತು. ದಿನ ತುಂಬಿರಲಿಲ್ಲ, ಹೊಟ್ಟೆ ಕೊಯ್ದು ತೆಗೆಯಬೇಕಾಯಿತು. ಉಸಿರು ಸಾಲದೆಂದು ಮಗುವನ್ನು ಬೇರೊಂದು ಆಸ್ಪತ್ರೆಯ ಗಾಜಿನ ಪೆಟ್ಟಿಗೆಗೆ ಸಾಗಿಸಿದರು. ಹೆಂಡತಿ ಬಷೀರುನ್ನೀಸಾ ಮಗಳ ಮಂಚದ ಬಳಿ ಉಳಿದಳು. ಅಳಿಯ ಉಜೈರ್ ಮುಂಬಯಿ ಆಚೆಯ ಭಿವಂಡಿಯ ಮಗ್ಗದ ಕಾರ್ಖಾನೆಯಿಂದ ಹೊರಟು ಇನ್ನೂ ರೈಲಿನಲ್ಲಿದ್ದ. ಹಾಗಾಗಿ ಮಗುವಿನ ಹಿಂದೆ ಹೋದವನು ಸಮೀವುಲ್ಲಾ ಒಬ್ಬನೇ. ಮಗು ಒಂದು ರಾತ್ರಿ ಬದುಕಿತು. ಬೆಳಿಗ್ಗೆ ಅದನ್ನು ತೊಡೆಯ ಮೇಲಿಟ್ಟುಕೊಂಡು, ತನ್ನ ಹುಟ್ಟೂರು ಕಮಲಾಪುರಕ್ಕೆ ಒಯ್ದು, ತನ್ನ ತಾಯಿತಂದೆ ಮಲಗಿದ ಖಬರಸ್ತಾನದಲ್ಲಿ ಮಕ್ಕಳ ಮೂಲೆಯಲ್ಲಿ ಮಣ್ಣು ಮಾಡಿ ಬಂದ. ಮುಸ್ಕಾನಳಿಗೆ ಪೂರ್ತಿ ಎಚ್ಚರ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮಗುವಿದ್ದ ಆಸ್ಪತ್ರೆಯೊಳಗೆ ಫೋನು ಬಿಟ್ಟಿರಲಿಲ್ಲ. ಆಮೇಲೆ ಫೋಟೊ ತೆಗೆಯಲು ಅವನಿಗೆ ಕೈ ಬರಲಿಲ್ಲ.

"ಆಕಿ ಮುಂದ ಮುಖದ ಸುದ್ದಿ ತೆಗೀಬ್ಯಾಡ್ರಿ," ಎಂದಿದ್ದಳು ಬಷೀರುನ್ನೀಸಾ. "ನೋಡೇ ಇಲ್ಲ. ಜಲ್ದಿ ಮರೀತಾಳ."

ಮುಸ್ಕಾನ್ ಮರೆಯಲಿಲ್ಲ. ಮುಖ ಹೇಗಿತ್ತೆಂದು ಕೇಳಲೂ ಇಲ್ಲ. ಕೇಳಿದರೆ ಅಮ್ಮಿ ಅಳುತ್ತಾಳೆಂದು ಅವಳಿಗೆ ಗೊತ್ತಿತ್ತು. ಹೊಲಿಗೆ ಬಿಚ್ಚುವ ಮೊದಲೇ ಅವಳು ಕೇಳಿದ್ದು ಒಂದೇ.

"ಅಬ್ಬಾ, ನನಗ ಜಾಗಾ ತೋರಸ್ರಿ."

"ಕೆಸರದ ಬೇಟಾ. ಎರಿಮಣ್ಣು ಒಮ್ಮೆ ಚಪ್ಪಲಿ ಹಿಡೀತಂದ್ರ ಬಿಡಂಗಿಲ್ಲ. ಮಳಿ ನಿಲ್ಲಲಿ."

ಮಳೆ ನಿಂತ ಮೇಲೆ ಜಾಲಿಮುಳ್ಳು ಅಂದ. ಬೇಸಿಗೆಯಲ್ಲಿ ಹಾವು ಹರಿದಾಡುತ್ತವೆ ಅಂದ. ನಿಜವಾದ ಅಡ್ಡಿ ಬೇರೆ ಇತ್ತು. ಅವರ ಕಡೆ ಹೆಣ್ಣುಮಕ್ಕಳು ಖಬರಸ್ತಾನದ ಒಳಗೆ ಕಾಲಿಡುವುದಿಲ್ಲ, ಗೇಟಿನ ಹೊರಗೇ ನಿಂತು ಫಾತಿಹಾ ಓದುತ್ತಾರೆ. ಅದನ್ನು ಅವಳಿಗೆ ಬಾಯಿಬಿಟ್ಟು ಹೇಳುವ ಧೈರ್ಯ ಅವನಿಗೆ ಬರಲಿಲ್ಲ. ಹೇಳದಿದ್ದರೂ ಅದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಕೇಳುತ್ತಿದ್ದಳು.

ಸಮಾಧಾನಕ್ಕೆಂದು ಅವನು ಒಂದು ಗುಟ್ಟು ಹೇಳಿದ್ದ. "ತಲಿ ಕಡೆ ಒಂದು ಮೆಹಂದಿ ಗಿಡ ಹಚ್ಚೀನಿ. ಗುರುತಿಗೆ."

ಅದು ನಿಜ. ಯಾರಿಗೂ ಹೇಳದೆ ಹಚ್ಚಿದ್ದ. ಕೂಸುಗಳ ಗೋರಿಗೆ ಕಲ್ಲು ನಿಲ್ಲಿಸುವುದಿಲ್ಲ, ಹೆಸರು ಬರೆಸುವುದಿಲ್ಲ. ಅವು ಪಾಪವಿಲ್ಲದ ಜೀವ, ಅವಕ್ಕೆ ಗುರುತು ಯಾಕೆ ಅನ್ನುತ್ತಾರೆ ಹಿರಿಯರು. ಎರಿಮಣ್ಣಿನ ಸಣ್ಣ ದಿಬ್ಬ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ನೆಲಕ್ಕೆ ನೆಲ ಕೂಡಿಹೋಗುತ್ತದೆ. ಅದಕ್ಕೇ ಅವನು ಕದ್ದು ಹಚ್ಚಿದ್ದು. ಅವನು ಕಮಲಾಪುರಕ್ಕೆ ಹೋಗಿ ಬಂದಾಗಲೆಲ್ಲ ಮುಸ್ಕಾನ್ ಚಹದ ಕಪ್ಪು ಮುಂದಿಟ್ಟು, "ಈಗ ಎಷ್ಟದ?" ಅನ್ನುವಳು. ಅವನು ಕೈಯಿಂದ ತೋರಿಸುವನು. ಮೊದಲು ಪಾದದ ಮಟ್ಟ. ಆಮೇಲೆ ಮೊಣಕಾಲಿನ ಮಟ್ಟ. ಈಚೆಗೆ ಸೊಂಟದ ಹತ್ತಿರ ಕೈ ಹಿಡಿದು, "ಇಷ್ಟಾಗ್ಯಾಳ," ಅಂದಿದ್ದ. ಅಂದುಬಿಟ್ಟ ಮೇಲೆ ಚಹದ ಕಪ್ಪು ಎತ್ತಿಕೊಂಡಿದ್ದ.

ಈಗ ಉಜೈರ್ ಭಿವಂಡಿಯಲ್ಲಿ ಒಂದು ಕೋಣೆ ಹಿಡಿದಿದ್ದ. ಬರುವ ವಾರ ಬಂದು ಹೆಂಡತಿಯನ್ನು ಕರೆದೊಯ್ಯುವವನಿದ್ದ.

"ಹೋಗೂಕಿಂತ ಮುಂಚೆ ಒಮ್ಮೆ ನೋಡ್ತೀನಿ ಅಬ್ಬಾ," ಎಂದಿದ್ದಳು ಮುಸ್ಕಾನ್. "ಬರೇ ಒಮ್ಮೆ. ಆಮ್ಯಾಲ ಕೇಳಂಗಿಲ್ಲ."

*

ಸಮೀವುಲ್ಲಾ ಮಾಪಣ್ಣನಿಗೆ ಹೇಳಿದ. ಮಾಪಣ್ಣ ಬೀಡಿ ಕಿವಿಗೆ ಸಿಕ್ಕಿಸಿಕೊಂಡು ಕೇಳಿದ.

"ಅಂದ್ರ ಖಬರಸ್ತಾನದಾಗ ಜಾಲಿ ಕಡಿಯೂದು, ಅಲ್ಲೇ ಅರಿಯೂದು, ಅಲ್ಲೇ ದಾರಿ ಹಾಸೂದು. ಹೌದಿಲ್ಲೋ?"

"ಹೌದು."

"ನಮ್ಮ ರಾಯರು ನೋಡಿದ್ರ ಅಲ್ಲಿಗೂ ವಾಕಿಂಗ್ ಬರ್ತಾರ ನೋಡು ಮತ್ತ!" ನಕ್ಕವನು, ಗೆಳೆಯನ ಮುಖ ಕಂಡು ನಗು ನುಂಗಿದ. "ಡೀಸೆಲ್ಲಿಂದು ಚಿಂತಿ ಮಾಡಬ್ಯಾಡ. ಮುಸ್ಕಾನ ನನಗೂ ಮಗಳೇ ಅದಾಳ. ಮಜರ್ ಭಾಯಿಗೆ ನೀ ಕೇಳು."

ಮಜರ್ ಭಾಯಿ, ಪುಣ್ಯದ ಕೆಲಸ, ಐತವಾರ ಒಯ್ದು ಕತ್ತಲಾಗುವುದರೊಳಗೆ ತಂದು ನಿಲ್ಲಿಸಿರಿ ಅಂದರು. ಕಮಲಾಪುರದ ಖಬರಸ್ತಾನದ ಉಸ್ತುವಾರಿ ಬಂದೇನವಾಜ್ ಚಾಚಾನದು. ಎಂಬತ್ತು ಹತ್ತಿರ ಬಂದ ಮುದುಕ. ಜನಾಜಾ ಹೊತ್ತು ತರುವವರ ಕಾಲು ಹೂತುಹೋಗುವುದನ್ನು ಪ್ರತಿ ಮಳೆಗಾಲ ನೋಡಿ ಬೇಸತ್ತವನು. ದಾರಿಯ ಮಾತು ಕೇಳಿ ಅವನಿಗೆ ಖುಷಿಯಾಯಿತು. ಮುಸ್ಕಾನಳ ಮಾತು ಎತ್ತಿದಾಗ ಮಾತ್ರ ಗಡ್ಡ ನೀವಿಕೊಳ್ಳುತ್ತ ಬಹಳ ಹೊತ್ತು ಕೂತ.

"ಗೇಟ್ ತನಕಾ ಬರ್ಲಿ."

"ಚಾಚಾ, ಮುಖಾ ನೋಡಿಲ್ಲ ಆಕಿ. ಜಾಗಾ ಆದ್ರೂ ನೋಡ್ಲಿ."

ಮುದುಕ ಗಡ್ಡದಿಂದ ಕೈ ತೆಗೆದ. "ಸಂತಿ ದಿನ ನಾ ಕೀಲಿ ತೆಗದು ಬಜಾರಕ್ಕ ಹೋಗಿರ್ತೀನಿ. ಮಂದಿ ಎಲ್ಲಾ ಸಂತ್ಯಾಗ ಇರ್ತಾರ. ನಾ ಏನೂ ನೋಡಿಲ್ಲ. ತಿಳೀತಾ?"

ಸಮೀವುಲ್ಲಾ ಅವನ ಕೈ ಹಿಡಿದು ಕಣ್ಣಿಗೊತ್ತಿಕೊಂಡ.

ಐತವಾರ ಊರ ಹುಡುಗರು ಕೊಡಲಿ, ಕುಡಗೋಲು, ಹಾರೆ ಹಿಡಿದು ಬಂದರು. ಗೋರಿಗಳ ನಡುವೆ ಟ್ರ್ಯಾಕ್ಟರ್ ಹೋಗುವಂತಿಲ್ಲ. ಮಷೀನು ಗೇಟಿನ ಬಳಿಯೇ ನಿಂತಿತು. "ಜಾಲಿ ಅಷ್ಟೇ ಕಡೀರಿ. ಹೂವಿನ ಗಿಡಾ ಬಿಡ್ರಿ," ಎಂದು ಸಮೀವುಲ್ಲಾ ಕೂಗಿ ಹೇಳಿದ. ಮಕ್ಕಳ ಮೂಲೆಯ ಮೆಹಂದಿ ಮುಟ್ಟಬೇಡಿ ಅನ್ನುವ ಮಾತು ನಾಲಗೆಯ ತುದಿಗೆ ಬಂದಿತ್ತು. ಆದರೆ ಅಷ್ಟು ಜನರ ಎದುರು, ಚಾಚಾನ ಎದುರು, ಕೂಸಿನ ಗೋರಿಗೆ ಗುರುತು ಇಟ್ಟಿದ್ದೇನೆಂದು ಹೇಗೆ ಹೇಳುವುದು? ಹೂವಿನ ಗಿಡದಲ್ಲಿ ಮೆಹಂದಿಯೂ ಬಂತಲ್ಲ ಎಂದು ತನಗೆ ತಾನೇ ಹೇಳಿಕೊಂಡು, ಕಿವಿಗೆ ಹತ್ತಿ ತುರುಕಿಕೊಂಡು ಮಷೀನಿನ ಮುಂದೆ ನಿಂತ.

ಜಾಲಿ ಬಿರುಸು ಕಟ್ಟಿಗೆ. ಅರೆಯುವಾಗ ಮಷೀನು ಕೆಮ್ಮುತ್ತದೆ. ಹುಡುಗರು ಹೊರೆಗಟ್ಟಲೆ ಎಳೆದು ತಂದು ಒಟ್ಟುತ್ತಿದ್ದರು, ಅವನು ಉಣಿಸುತ್ತಿದ್ದ, ಚೂರನ್ನು ಬುಟ್ಟಿಯಲ್ಲಿ ತುಂಬಿ ಒಳಗೆ ಒಯ್ದು ಹರವುತ್ತಿದ್ದರು. ತಲೆ ಎತ್ತಲು ಪುರುಸೊತ್ತಿರಲಿಲ್ಲ. ಮಧ್ಯಾಹ್ನ ಒಂದು ಜಿಟಿಜಿಟಿ ಮಳೆ ಬಂದು ಹೋಯಿತು. ಅದರ ಹಿಂದೆಯೇ ಕೊಳವೆ ಕಟ್ಟಿಕೊಂಡಿತು. ಹಸಿ ಎಲೆ ಹೆಚ್ಚಾದರೆ ಹಾಗಾಗುತ್ತದೆ. ಮಷೀನು ನಿಲ್ಲಿಸಿ, ಮುಚ್ಚಳ ಬಿಚ್ಚಿ, ಕೈ ಹಾಕಿ ಬಳಿದು ತೆಗೆಯಬೇಕು. ಕೈಗವಸು ಕಳಚಿಟ್ಟು ಬಳಿದು ತೆಗೆದ. ಹಸಿರು ಮುದ್ದೆ. ಬೊಗಸೆಗೆ ಬೊಗಸೆ ಬಂತು. ಮತ್ತೆ ಕಟ್ಟಿತು, ಮತ್ತೆ ಬಳಿದ. "ಬರೇ ತಪ್ಪಲಾ ತರಾಕತ್ತಾರ ಮಕ್ಕಳು!" ಎಂದು ಮಾಪಣ್ಣ ಟ್ರ್ಯಾಕ್ಟರಿನ ಮೇಲಿಂದ ಬೈದ. ಅದು ಯಾವ ಗಿಡದ ಸೊಪ್ಪು ಎಂದು ಇಬ್ಬರೂ ನೋಡಲಿಲ್ಲ. ಕತ್ತಲಾಗುವ ಮೊದಲು ಕಲಬುರಗಿ ಮುಟ್ಟಬೇಕಿತ್ತು. ಗೇಟಿನಿಂದ ಒಳಕ್ಕೆ ಹೊರಳಿ ಹೋದ ಕಂದು ದಾರಿಯನ್ನು ಸಮೀವುಲ್ಲಾ ನಿಂತಲ್ಲಿಂದಲೇ ಕಣ್ತುಂಬ ನೋಡಿದ. ಅದು ಮಕ್ಕಳ ಮೂಲೆಯ ತನಕ ಹೋಗಿದೆ ಎಂದರು ಹುಡುಗರು. ಮನಸ್ಸು ಹಗುರಾಗಿತ್ತು. ಬರುವಾಗ ಕಮಲಾಪುರದ ಕೆಂಪು ಬಾಳೆಹಣ್ಣು ಒಂದು ಡಜನ್ ಕೊಂಡ, ಮುಸ್ಕಾನಳಿಗೆ ಇಷ್ಟವೆಂದು.

*

ಮರುದಿನ ಬೆಳಿಗ್ಗೆ ಚಹ ಕೊಡಲು ಬಂದ ಮುಸ್ಕಾನ್ ಅಪ್ಪನ ಕೈ ನೋಡಿ ಕಪ್ಪನ್ನು ಹಾಗೇ ಹಿಡಿದುಕೊಂಡು ನಿಂತಳು.

"ಅಬ್ಬಾ! ಯಾರ ಮದಿವಿ ಮಾಡಿ ಬಂದ್ರಿ?"

"ಯಾವ ಮದಿವಿ?"

"ಕೈ ನೋಡ್ಕೋರಿ! ಅಮ್ಮಿ, ಬಾ ಇಲ್ಲಿ, ಅಬ್ಬಾ ಮದುಮಗ ಆಗಿ ಬಂದಾರ!"

ನಕ್ಕಳು. ಬಾಯಿಗೆ ಸೆರಗು ಒತ್ತಿಕೊಂಡು, ಮೈ ಕುಲುಕುವಂತೆ ನಕ್ಕಳು. ಒಂದು ವರ್ಷದಿಂದ ಆ ಮನೆಯಲ್ಲಿ ಕೇಳದ ನಗು. ಬಷೀರುನ್ನೀಸಾ ಒಲೆ ಬಿಟ್ಟು ಓಡಿ ಬಂದದ್ದು ಗಂಡನ ಕೈ ನೋಡಲಿಕ್ಕಲ್ಲ, ಆ ನಗುವನ್ನು ನೋಡಲಿಕ್ಕೆ.

ಸಮೀವುಲ್ಲಾ ಅಂಗೈ ಬಿಡಿಸಿ ನೋಡಿಕೊಂಡ. ಎರಡೂ ಕೆಂಪಗಿದ್ದವು. ಬೆರಳ ಸಂದು, ಉಗುರ ಬುಡ ಎಲ್ಲ ಕೆಂಪು. ಮುಂಜಾವಿನ ನಮಾಜಿಗೆ ಕೈ ತೊಳೆಯುವಾಗ ಮಬ್ಬುಗತ್ತಲಲ್ಲಿ ಕಂಡಿರಲಿಲ್ಲ. ಮಗಳು ನಗುತ್ತಿದ್ದಳು. ಅವನ ಕಿವಿಯೊಳಗೆ ಮಷೀನು ಕೆಮ್ಮತೊಡಗಿತು. ಬೊಗಸೆಗೆ ಬೊಗಸೆ ಬಂದ ಆ ಹಸಿರು ಮುದ್ದೆ, ಅದರ ವಾಸನೆ, ಈಗ, ಈಗ ಮೂಗಿಗೆ ಹತ್ತಿತು.

"ಯಾವದೋ ಬೇಲಿ ಗಿಡದ್ದು ಇರಬೇಕು," ಎಂದ. ಕಪ್ಪು ಅಲ್ಲೇ ಇಟ್ಟು ಚಪ್ಪಲಿ ಮೆಟ್ಟಿದ. "ಮಜರ್ ಭಾಯ್ ಕರದಾರ. ಬರ್ತೀನಿ."

ಬಸ್ಸು ಹತ್ತಿ ಕಮಲಾಪುರಕ್ಕೆ ಹೋದ. ಖಬರಸ್ತಾನದ ಗೇಟು ದಾಟಿ, ಹೊಸ ದಾರಿಯ ಮೇಲೆ ಅರ್ಧ ನಡೆದು ಅರ್ಧ ಓಡಿ ಮಕ್ಕಳ ಮೂಲೆಗೆ ಬಂದ. ಮೂಲೆ ಬೋಳಾಗಿತ್ತು. ಒಂದು ಜಾಲಿಯೂ ಇಲ್ಲ, ಒಂದು ಗಿಡವೂ ಇಲ್ಲ. ಹಾರೆ ಹಾಕಿ ಬೇರು ಸಮೇತ ಕಿತ್ತು, ಗುಂಡಿ ಮುಚ್ಚಿ, ಮೇಲುಮಣ್ಣು ಎಳೆದು ಒಂದೇ ಸಮ ಮಾಡಿದ್ದರು. ಗೋಡೆಯಿಂದ ಗೋಡೆಗೆ ಬರೀ ಕರಿ ನೆಲ. ಒಂದು ದಿಬ್ಬ ಉಳಿದಿರಲಿಲ್ಲ. ಆ ನೆಲದ ನಡುವೆ ಕಂದು ದಾರಿ ಬಂದು ನಿಂತಿತ್ತು.

ಚಾಚಾ ಹಿಂದಿನಿಂದ ಕೋಲು ಊರುತ್ತ ಬಂದ. "ಎಷ್ಟು ಚೊಲೋ ಮಾಡ್ಯಾರ ನೋಡು ಹುಡುಗರು! ಅಂಗಳಾಂಗ ಆಗ್ಯದ."

"ಚಾಚಾ, ಇಲ್ಲಿ ಮೆಹಂದಿ ಇತ್ತಲ್ಲ."

"ಒಂದಲ್ಲ, ನಾಕೈದು ಇದ್ದುವಂತ. ಯಾರು ಹಚ್ಚಿದ್ರೋ ಏನೋ. ಜಾಲಿ ನಡುವ ಹೆಣಕೊಂಡಿದ್ದುವು, ಮುಳ್ಳು ಹತ್ತತಾವ ಅಂತ ಎಲ್ಲಾ ಕಿತ್ತಿದ್ರು." ಮುದುಕನ ಕಣ್ಣು ಸಮೀವುಲ್ಲಾನ ಅಂಗೈಯ ಮೇಲೆ ನಿಂತಿತು. ಅಲ್ಲಿಂದ ಮುಖಕ್ಕೆ ಬಂತು. ಚಾಚಾ ತಲೆಗೆ ಸುತ್ತಿದ ಟವೆಲ್ ಬಿಚ್ಚಿ ಕೈಯಲ್ಲಿ ಹಿಂಡುತ್ತ ನಿಂತ.

ಹಾಗಾದರೆ ತಾನೊಬ್ಬನೇ ಅಲ್ಲ. ಇನ್ನೂ ಯಾರೋ ಅಪ್ಪಂದಿರು, ಅಜ್ಜಂದಿರು, ಯಾರಿಗೂ ಹೇಳದೆ ಬಂದು ಹಚ್ಚಿ ಹೋಗಿದ್ದರು. ತನ್ನ ಗಿಡ ಬುಡದಲ್ಲೇ ಎರಡು ಕವಲೊಡೆದಿತ್ತು. ಅದನ್ನೇ ನೋಡಿ ಗುರುತು ಹಿಡಿಯುತ್ತಿದ್ದ. ಗೋಡೆಯಿಂದ ಎಷ್ಟು ದೂರ ಎಂದು ಒಮ್ಮೆಯೂ ಅಳೆದಿರಲಿಲ್ಲ. ಗಿಡ ಇರುವಾಗ ಅಳೆಯುವುದು ಯಾಕೆ? ಅಲ್ಲಿ ನಿಂತ, ಇಲ್ಲಿ ನಿಂತ. ಇಲ್ಲಿ ಕೂತು ಮಣ್ಣು ಹಾಕಿದ್ದೆ ಅನ್ನಿಸಿತು. ಅಲ್ಲ, ಅಲ್ಲಿ. ದಾರಿಯ ಕೊನೆ ಕಣ್ಣಿಗೆ ಬಿತ್ತು. ಆ ಗೇಣು ದಪ್ಪ ಚೂರಿನ ಕೆಳಗೇ ಇದ್ದರೆ?

ಮನೆಗೆ ಬಂದು ಬಷೀರುನ್ನೀಸಾಳನ್ನು ಹಿತ್ತಲಿಗೆ ಕರೆದು ಹೇಳಿದ. ಅವಳು ಅವನ ಕೈ ಹಿಡಿದು, ನಾರಿನಿಂದ ತಿಕ್ಕಿ ತಿಕ್ಕಿ ತೊಳೆದಳು. ಬಣ್ಣ ಹೋಗಲಿಲ್ಲ.

"ಯಾವದರೆ ಒಂದು ಜಾಗಾ ತೋರಸ್ರಿ," ಎಂದಳು ಕೊನೆಗೆ. "ಆಕಿಗೆ ಏನ್ ತಿಳೀತದ? ಎಲ್ಲಾ ಅದೇ ಮಣ್ಣಲ್ಲೇನು? ನಕ್ಕಾಳ್ರೀ ಇವತ್ತ. ನಕ್ಕಾಳ ಆಕಿ."

*

ಸಂತೆಯ ದಿನ ಅಪ್ಪ ಮಗಳು ಕಮಲಾಪುರದಲ್ಲಿ ಇಳಿದಾಗ ಊರೆಲ್ಲ ಬಜಾರಿನಲ್ಲಿತ್ತು. ಗೇಟಿನ ಕೀಲಿ ತೆಗೆದಿತ್ತು. ರಾತ್ರಿ ಮಳೆ ಬಿದ್ದು ನೆಲವೆಲ್ಲ ಅಂಟಾಗಿತ್ತು, ದಾರಿ ಮಾತ್ರ ಒಣಗಿತ್ತು. ಮುಸ್ಕಾನ್ ಬುರ್ಖಾದ ಅಂಚು ಎತ್ತಿ ಹಿಡಿದು ಒಂದು ಹೆಜ್ಜೆ ಇಟ್ಟಳು, ಇನ್ನೊಂದು ಇಟ್ಟಳು.

"ಎಷ್ಟು ಮೆತ್ತಗದ ಅಬ್ಬಾ! ಇದೆಲ್ಲಾ ನೀವೇ ಮಾಡಿದ್ರೇನು?"

"ಹುಡುಗರು ಮಾಡಿದ್ರು."

"ನನ್ನ ಸಲುವಾಗಿ ಮಾಡಿದ್ರಿ. ಮಾಪಣ್ಣ ಕಾಕಾ ಹೇಳ್ಯಾರ ನನಗ."

ಅವನು ಕೈಗಳನ್ನು ಜೇಬಿನಲ್ಲಿಟ್ಟುಕೊಂಡು ಹಿಂದೆ ನಡೆದ. ಮೂಲೆ ಬಂತು. ಮುಸ್ಕಾನ್ ನಿಂತಳು. ಕೇಳುವ ಮೊದಲೇ, ಕೇಳಿದರೆ ಬಾಯಿ ಬರುವುದಿಲ್ಲವೆಂದು, ಸಮೀವುಲ್ಲಾ ಗೋಡೆಯ ಕಡೆಗೆ ಕೈ ಮಾಡಿದ.

"ಅಲ್ಲಿ."

ಅವಳು ಹೋಗಿ ಮಂಡಿಯೂರಿ ಕೂತಳು. ಎರಡೂ ಕೈಯನ್ನು ಮಣ್ಣಿನ ಮೇಲೆ ಇಟ್ಟಳು, ಮಲಗಿದ ಮಗುವಿನ ಬೆನ್ನ ಮೇಲೆ ಇಡುವ ಹಾಗೆ, ಭಾರ ಬಿಡದೆ. ಸಮೀವುಲ್ಲಾನಿಗೆ, ಆಯಿತು, ಇಷ್ಟೇ, ಇನ್ನು ಎದ್ದುಬಿಡಲಿ ಅನ್ನಿಸಿತು.

"ಮೆಹಂದಿ ಎಲ್ಲದ ಅಬ್ಬಾ?"

"ಹುಡುಗರು... ತಿಳೀದೆ ಕಡದಾರ ಬೇಟಾ."

"ಹೋಗ್ಲಿ ಬಿಡ್ರಿ," ಎಂದಳು, ಅಪ್ಪನನ್ನು ಸಮಾಧಾನ ಮಾಡುವ ದನಿಯಲ್ಲಿ. "ಬುಡಾ ಇರ್ತದಲ್ಲ. ಮತ್ತ ಚಿಗತದ. ತಲಿ ಈ ಕಡೆ ಅಲ್ಲೇನು?" ಎಂದು ಬೆರಳಿನಿಂದ ಮಣ್ಣು ಕೆದಕಿದಳು. ಸಿಗಲಿಲ್ಲ. ಸ್ವಲ್ಪ ಸರಿದು ಇನ್ನೊಂದು ಕಡೆ ಕೆದಕಿದಳು. ಉಗುರ ತುಂಬ ಕರಿಮಣ್ಣು. ಒಂದು ಬೇರಿನ ತುಂಡೂ ಸಿಗದಾಗ ಕೈ ನಿಲ್ಲಿಸಿ, ತಲೆ ಎತ್ತಿ ಅಪ್ಪನನ್ನು ನೋಡಿದಳು.

"ಇಲ್ಲೇ ಅಲ್ಲೇನ್ರಿ?"

ಎರಡನೇ ಸಲ ಹೌದು ಅನ್ನಲು ಅವನಿಂದಾಗಲಿಲ್ಲ.

"ಗೊತ್ತಿಲ್ಲ ಬೇಟಾ."

"ಗೊತ್ತಿಲ್ಲ ಅಂದ್ರ?"

"ಬೇರು ಸಮೇತ ಕಿತ್ತಾರ. ನಾ ಮಷೀನಿನ ಹಂತೇಕ ಇದ್ದೆ. ನಾನ ಅರದೀನಿ ಅದನ್ನ. ನನಗೂ ತಿಳೀಲಿಲ್ಲ." ಜೇಬಿನಿಂದ ಕೈ ತೆಗೆದ. ಅವಳು ಆ ಕೈಗಳನ್ನು ನೋಡಿದಳು. ತಾನು ನಕ್ಕದ್ದು ಯಾವುದಕ್ಕೆಂದು ಅವಳಿಗೆ ಹೊಳೆದದ್ದನ್ನು ಅವನು ಅವಳ ಮುಖದಲ್ಲೇ ಕಂಡ.

ಮುಸ್ಕಾನ್ ಎದ್ದಳು. ಸುತ್ತ ನೋಡಿದಳು. ಕಣ್ಣು ದಾರಿಯ ಕೊನೆಗೆ ಬಂದು ನಿಂತಿತು.

"ದಾರಿ ಆಕಿ ಮ್ಯಾಲೆ ಅದ ಏನು?"

"ಇರಲಿಕ್ಕಿಲ್ಲ."

"ಅದಾ, ಇಲ್ಲಾ?"

"ಗೊತ್ತಿಲ್ಲ."

"ನಾ ಮೆತ್ತಗದ ಅಂದೆ," ಎಂದಳು. "ಮೆತ್ತಗದ ಅಂದೆ ನಾ." ದನಿ ಏರಿತು. "ಹೊಲಿಗಿ ಹಸಿ ಇದ್ದಾಗ ಕೇಳೀನಿ ನಿಮಗ. ಕೆಸರಂದ್ರಿ. ಕೆಸರ ತುಳೀತಿದ್ದೆ ಅಬ್ಬಾ. ಮುಳ್ಳೂ ತುಳೀತಿದ್ದೆ. ಗಿಡಾ ಇದ್ದಾಗ ಕರ್ಕೊಂಡು ಬರ್ಲಿಲ್ಲ. ಮುಖಾ ನೋಡ್ದವರೂ ನೀವೇ, ಜಾಗಾ ನೋಡ್ದವರೂ ನೀವೇ. ನನಗೇನು ಉಳಿಸಿದ್ರಿ?"

ಸಮೀವುಲ್ಲಾ ಗೋಡೆಗೆ ಬೆನ್ನು ಕೊಟ್ಟು ಕುಸಿದು ಕೂತ. ಅವಳು ಅಳಲಿಲ್ಲ, ಎಲ್ಲಿ ಕಾಲಿಡಬೇಕೆಂದು ತಿಳಿಯದೆ ನಿಂತಿದ್ದಳು. ಇದ್ದ ನೆಲವೆಲ್ಲ ಮಕ್ಕಳದೇ. ಕೊನೆಗೆ ಗೋಡೆಯ ಬುಡಕ್ಕೇ ಬಂದು ಅವನಿಂದ ಸ್ವಲ್ಪ ದೂರದಲ್ಲಿ ಕೂತಳು.

"ಗದ್ದಾ ನಿಂದೇ ಇತ್ತು," ಎಂದ ಸಮೀವುಲ್ಲಾ.

ಅವಳು ತಿರುಗಿದಳು.

"ನಿನ್ನಂಗೇ. ನಡುವ ಸಣ್ಣ ಕುಣಿ. ಕಿವಿ ಮಾತ್ರ ನಿಮ್ಮ ಅಮ್ಮಿದು, ಮ್ಯಾಲಿನ ತುದಿ ಮಡಚಿತ್ತು. ಹುಬ್ಬು ಇರಲೇ ಇಲ್ಲ, ಬರೇ ಗೆರಿ. ಮೂಗಿನ ಕೆಳಗ ಪಟ್ಟಿ ಹಚ್ಚಿದ ಗುರುತು." ವರ್ಷದಿಂದ ಹಲ್ಲು ಕಚ್ಚಿ ಹಿಡಿದದ್ದು, ಒಂದೊಂದೇ ಹೊರಗೆ ಬಂತು. "ಒಂದು ಮುಷ್ಟಿ ಬಿಗಿ ಹಿಡದಿದ್ಲು. ಬಿಡಸಾಕ ಹೋದೆ, ಬಿಡಲಿಲ್ಲ. ನನ್ನ ಬೆರಳೇ ಹಿಡಕೊಂಡ್ಲು."

"ಅತ್ತಳೇನು?"

"ಇಲ್ಲ. ಬೆಳಗ ಹರೀವಾಗ ಒಮ್ಮೆ ಆಕಳಿಸಿದ್ಲು. ದೊಡ್ಡವರಂಗ. ನರ್ಸಬಾಯಿ ನಕ್ಕಳು."

"ಹೆಸರು ಹೇಳಿದ್ರಿ?"

"ಕಿವ್ಯಾಗ ಅಜಾನ್ ಹೇಳಿದೆ. ಜಾಹೇದಾ ಅಂದೆ. ನೀ ಹೇಳಿದ್ದೇ."

"ಕೇಳಿಸ್ತೇನು ಆಕಿಗೆ?"

"ಕಣ್ಣು ತೆರದ್ಲು ಬೇಟಾ. ಒಂದೇ ಕಣ್ಣು."

ಮುಸ್ಕಾನ್ ಮೊಣಕಾಲುಗಳ ನಡುವೆ ಮುಖವಿಟ್ಟಳು. ಆಗ ಅತ್ತಳು. ಅವನು ಅವಳ ಬೆನ್ನ ಮೇಲೆ ಕೈ ಇಡಲು ಹೋಗಿ, ಇಡಬಹುದೋ ಬಾರದೋ ತಿಳಿಯದೆ ಹಿಂತೆಗೆದುಕೊಂಡ. ಗೇಟಿನ ಕಡೆಯಿಂದ ಚಾಚಾ ಕೆಮ್ಮಿದ ಸದ್ದು ಬಂತು. ಸಂತೆ ಮುಗಿಯುತ್ತಿದೆ, ಜನ ಬರುತ್ತಾರೆ ಎಂಬುದರ ಸೂಚನೆ ಅದು. ಇಬ್ಬರೂ ಎದ್ದರು.

ಹೋಗುವಾಗ ಅವಳು ದಾರಿಯ ಮೇಲೆ ಕಾಲಿಡಲಿಲ್ಲ. ಗೋಡೆಯ ಗುಂಟ, ಜಾಲಿಯ ಮೋಟು ಎದ್ದ ಎರಿಮಣ್ಣಿನಲ್ಲಿ ನಡೆದಳು. ಚಪ್ಪಲಿ ಹೆಜ್ಜೆಗೊಮ್ಮೆ ಹಿಡಿದುಕೊಂಡಿತು. ಬಾಗಿ ಚಪ್ಪಲಿ ಕಿತ್ತು ಕೈಯಲ್ಲಿ ಹಿಡಿದಳು. ಸಮೀವುಲ್ಲಾ ಅವಳ ಹಿಂದೆ, ಅವಳ ಹೆಜ್ಜೆ ಮೂಡಿದಲ್ಲೇ ಹೆಜ್ಜೆ ಇಡುತ್ತ ಬಂದ. ಗೇಟಿನಲ್ಲಿ ಚಾಚಾ ತಂಬಿಗೆಯಲ್ಲಿ ನೀರು ಹಿಡಿದು ನಿಂತಿದ್ದ. ನೋಡಿಲ್ಲ ಎಂದು ಮುಖ ಆಚೆ ತಿರುಗಿಸಿಕೊಂಡೇ ಅವಳ ಕಾಲ ಮೇಲೆ ನೀರು ಸುರಿದ.

ಕಲಬುರಗಿ ಬಸ್ಸು ಸಂತೆ ಮುಗಿಸಿದ ಹೆಣ್ಣುಮಕ್ಕಳಿಂದ ಕಿಕ್ಕಿರಿದಿತ್ತು. "ಮುಂದ ಸರೀರಿ ಅವ್ವಗೋಳ್ರಾ, ಬುಟ್ಟಿಗೆ ಸೀಟ್ ಇಲ್ರೀ!" ಎಂದು ಕಂಡಕ್ಟರ್ ಕೂಗುತ್ತಿದ್ದ. ಮುಸ್ಕಾನ್‌ಗೆ ಮುಂದೆ ಕಿಟಕಿಯ ಬಳಿ ಜಾಗ ಸಿಕ್ಕಿತು. ಸಮೀವುಲ್ಲಾ ಹಿಂದೆ ಕಂಬಿ ಹಿಡಿದು ನಿಂತ. ಬಸ್ಸು ಊರು ದಾಟಿತು. ಕಂಡಕ್ಟರ್ ಅವನ ಮುಂದೆ ಬಂದು ಕೈ ಚಾಚಿದಾಗ, ಮುಂದಿನ ಸೀಟಿನಿಂದ ಮುಸ್ಕಾನ್ ಎದ್ದು ನಿಂತು ಹಿಂದಕ್ಕೆ ತಿರುಗಿದಳು. ಅಷ್ಟೂ ಜನರ ತಲೆಯ ಮೇಲಿಂದ ಕೂಗಿ ಕೇಳಿದಳು.

"ಅಬ್ಬಾ, ಕೂದಲಾ ನೆಟ್ಟಗಿದ್ದುವೇನು, ಗುಂಗರು ಇದ್ದುವೇನು?"

ಮಾತಾಡುತ್ತಿದ್ದವರೆಲ್ಲ ತಿರುಗಿ ನೋಡಿದರು. ಯಾರ ಕೂದಲು, ಏನು ಕತೆ ಎಂದು ಯಾರಿಗೂ ತಿಳಿಯಲಿಲ್ಲ. ಸಮೀವುಲ್ಲಾ ನೆನೆಸಿಕೊಂಡ. ಆಸ್ಪತ್ರೆಯವರು ಹಾಕಿದ ಟೊಪ್ಪಿಗೆಯನ್ನು ದಾರಿಯುದ್ದಕ್ಕೂ, ಗಾಳಿ ತಾಗೀತೆಂದು, ಅವನು ತೆಗೆದಿರಲಿಲ್ಲ. ಕಮಲಾಪುರದಲ್ಲಿ ಮುದುಕಿಯೊಬ್ಬಳು ಮೈ ತೊಳೆದು ಬಿಳಿ ಬಟ್ಟೆ ಸುತ್ತುವಾಗ ಒಂದು ಸಲ ಕಂಡದ್ದು ಅಷ್ಟೇ.

"ಒದ್ದಿ ಇದ್ದುವು ಬೇಟಾ," ಎಂದ. "ಆಗಷ್ಟೇ ನೀರು ಹಾಕಿದ್ರು. ತಿಳೀಲಿಲ್ಲ."

ಅವಳು ತಲೆಯಾಡಿಸಿ ಕೂತುಕೊಂಡಳು.